ಮ್ಯಾಂಚೆಸ್ಟರ್ ಟೌನ್ ಹಾಲ್ ಮತ್ತು ಧಾರವಾಡದ ಹತ್ತಿ

ಮ್ಯಾಂಚೆಸ್ಟರಿನ ಆಲ್ಬರ್ಟ್ ಚೌಕದಲ್ಲಿರುವ ಟೌನ್ ಹಾಲನ್ನು ಮೊದಲ ಸಲ ನೋಡುವವರಿಗೆ ಅದು ಯಾವುದೋ ಹಳೇ ಕಾಲದ ದೊಡ್ಡ ಚರ್ಚು ಅನ್ನಿಸುವುದು ಸಹಜ. ಚೂಪು ತುದಿಯ ಕಮಾನುಗಳು, ಕಡಿದಾದ ಚಾವಣಿ, ಸಾಲುಸಾಲು ಸಣ್ಣ ಶಿಖರಗಳು, ಮಧ್ಯದಲ್ಲಿ ಎತ್ತರದ ಗೋಪುರ. ಏಳು ನೂರು ವರ್ಷದ ಹಿಂದೆ ಕಟ್ಟಿದ್ದು ಅಂದರೂ ನಂಬಬಹುದು. ಆದರೆ ಇದರ ಅಡಿಗಲ್ಲು ಬಿದ್ದದ್ದು 1868ರ ಅಕ್ಟೋಬರ್ 26ರಂದು. ಆ ಹೊತ್ತಿಗೆ ನಮ್ಮ ಬೆಂಗಳೂರಿಗೇ ರೈಲು ಬಂದು ನಾಲ್ಕು ವರ್ಷ ಆಗಿತ್ತು. ಒಳಗೆ ಪೂಜೆ ಪ್ರಾರ್ಥನೆ ಏನೂ ಇಲ್ಲ. ನೀರು, ಚರಂಡಿ, ತೆರಿಗೆ, ಬೀದಿ ದೀಪ ಇವುಗಳ ಲೆಕ್ಕಪತ್ರ. ಪಕ್ಕಾ ಮುನ್ಸಿಪಾಲಿಟಿ ಕಚೇರಿ.

ಮುನ್ಸಿಪಾಲಿಟಿಗೆ ಚರ್ಚಿನ ವೇಷ ಯಾಕೆ? ಈ ಪ್ರಶ್ನೆ ನನ್ನನ್ನು ಬಹಳ ದಿನ ಕಾಡಿತ್ತು. ಉತ್ತರ ಹುಡುಕುತ್ತಾ ಹೋದರೆ ಅದು ಬೆಲ್ಜಿಯಮ್ಮಿನ ಹಳೇ ಊರುಗಳಿಗೆ ಹೋಗಿ, ಅಲ್ಲಿಂದ ಲಿವರ್‌ಪೂಲ್ ಬಂದರು, ಅಮೆರಿಕದ ಯುದ್ಧ ಎಲ್ಲ ಸುತ್ತಿ, ಕೊನೆಗೆ ಕಾರವಾರದ ಕಡಲ ದಂಡೆಗೆ ಬಂದು ನಿಲ್ಲುತ್ತದೆ. ನಾನು ಧಾರವಾಡದ ಕಡೆಯವನು. ಹಾಗಾಗಿ ಬರಹ ಆ ಕಡೆ ಸ್ವಲ್ಪ ಜಾಸ್ತಿ ವಾಲಿದರೆ ಸಹಿಸಿಕೊಳ್ಳಿ.

ಮೊದಲು ಬೆಲ್ಜಿಯಮ್ ವಿಷಯ. ಬ್ರೂಜ್, ಬ್ರಸೆಲ್ಸ್, ಲೂವೆನ್ ಊರುಗಳ ಪುರಭವನಗಳು ಹದಿನಾಲ್ಕು ಮತ್ತು ಹದಿನೈದನೇ ಶತಮಾನದವು. ಮೇಲೆ ಹೇಳಿದ ಚೂಪು ಕಮಾನಿನ ಶೈಲಿಗೆ ಗೋಥಿಕ್ ಅಂತ ಹೆಸರು, ನಿಜವಾದ ಗೋಥಿಕ್ ಅಂದರೆ ಅವೇ. ಈಪರ್ ಎಂಬ ಊರಿನಲ್ಲಂತೂ ಬಟ್ಟೆ ವ್ಯಾಪಾರಕ್ಕೆಂದೇ ಕಟ್ಟಿದ ಭಾರಿ ಗೋಥಿಕ್ ಭವನವಿತ್ತು. ಅದು ಮೊದಲ ಮಹಾಯುದ್ಧದಲ್ಲಿ ಪುಡಿಯಾಯಿತು, ಈಗ ನಿಂತಿರುವುದು ಮತ್ತೆ ಕಟ್ಟಿದ್ದು. ಇವೆಲ್ಲ ಉಣ್ಣೆ, ಬಟ್ಟೆಯಿಂದ ಬೆಳೆದ ಊರುಗಳು. ಅಲ್ಲಿನ ವ್ಯಾಪಾರಿಗಳು, ಕಸುಬಿನ ಸಂಘದವರು ‘ನಮ್ಮ ಊರನ್ನು ನಾವೇ ಆಳ್ತೀವಿ’ ಅಂತ ದೊರೆಗಳಿಗೆ ಎದುರು ನಿಂತು ಹಕ್ಕು ಗಿಟ್ಟಿಸಿಕೊಂಡವರು. ಚರ್ಚಿನ ಗೋಪುರದ ಎದುರಿಗೆ ತಮ್ಮದೂ ಒಂದು ಗೋಪುರ ಎಬ್ಬಿಸಿದವರು.

ಮ್ಯಾಂಚೆಸ್ಟರಿನವರಿಗೆ ಈ ಕಥೆ ಬಹಳ ಹಿಡಿಸಿತು. ಯಾಕೆಂದರೆ ಅದು ತಮ್ಮದೇ ಕಥೆ ಅಂತ ಅವರಿಗೆ ಅನ್ನಿಸಿತ್ತು. ಲೋಕಕ್ಕೆಲ್ಲ ಬಟ್ಟೆ ಮಾರುವ ಊರು ಇದು, ಆದರೂ 1832ರವರೆಗೆ ಪಾರ್ಲಿಮೆಂಟಿನಲ್ಲಿ ಇದಕ್ಕೆ ಸ್ವಂತ ಪ್ರತಿನಿಧಿಯೇ ಇರಲಿಲ್ಲ. ಪ್ರತಿನಿಧಿ ಬೇಕು ಎಂದು ಕೇಳಲು 1819ರ ಆಗಸ್ಟ್ 16ರಂದು ಸೇಂಟ್ ಪೀಟರ್ಸ್ ಮೈದಾನದಲ್ಲಿ ಸೇರಿದ ಜನರ ಮೇಲೆ ಕುದುರೆ ಸವಾರರು ಕತ್ತಿ ಬೀಸಿದರು. ಹದಿನೈದಕ್ಕೂ ಹೆಚ್ಚು ಜನ ಸತ್ತರು, ನೂರಾರು ಜನ ಗಾಯಗೊಂಡರು. ಪೀಟರ್ಲೂ ಅಂತ ಕರೆಯುವ ಆ ಜಾಗ ಟೌನ್ ಹಾಲಿನಿಂದ ನಡೆದು ಹೋಗುವಷ್ಟು ಹತ್ತಿರ. ಊರಿಗೆ ಚುನಾಯಿತ ಆಡಳಿತ ಸಿಕ್ಕಿದ್ದು 1838ರಲ್ಲಿ. ಆಗಲೂ ಜಹಗೀರಿನ ಹಳೇ ಹಕ್ಕುಗಳು ಮೋಸ್ಲಿ ಮನೆತನದ ಕೈಯಲ್ಲಿದ್ದವು. 1846ರಲ್ಲಿ ಊರಿನ ಆಡಳಿತ 2 ಲಕ್ಷ ಪೌಂಡ್ ಕೊಟ್ಟು ಅವನ್ನು ಕೊಂಡುಕೊಂಡಿತು. ತಮ್ಮ ಊರನ್ನೇ ದುಡ್ಡು ಕೊಟ್ಟು ಬಿಡಿಸಿಕೊಂಡ ಹಾಗೆ, ಅಲ್ವಾ? 1853ರಲ್ಲಿ ನಗರ ಅನ್ನುವ ಪಟ್ಟ ಬಂತು.

ಆಗ ಇದ್ದ ಹಳೇ ಟೌನ್ ಹಾಲ್ ಕಿಂಗ್ ಸ್ಟ್ರೀಟಿನಲ್ಲಿತ್ತು. ಗ್ರೀಕ್ ಶೈಲಿ, ಕಂಬಗಳ ಸಾಲು. ಅದು ಇಕ್ಕಟ್ಟಾಯಿತು. ಅಕ್ಕಪಕ್ಕದ ಊರುಗಳೂ ಸುಮ್ಮನಿರಲಿಲ್ಲ. ಲೀಡ್ಸ್ 1858ರಲ್ಲೇ ಭರ್ಜರಿ ಕಂಬಗಳ ಟೌನ್ ಹಾಲ್ ತೆರೆದಿತ್ತು. ರಾಚ್‌ಡೇಲ್, ಬ್ರಾಡ್‌ಫರ್ಡ್ ಕೂಡ ತಯಾರಿ ನಡೆಸಿದ್ದವು. ಮ್ಯಾಂಚೆಸ್ಟರ್ 1867ರಲ್ಲಿ ಸ್ಪರ್ಧೆ ಕರೆಯಿತು. 137 ನಕ್ಷೆಗಳು ಬಂದವು.

ಗೆದ್ದದ್ದು ಆಲ್ಫ್ರೆಡ್ ವಾಟರ್‌ಹೌಸ್. ಗೆದ್ದ ರೀತಿ ನನಗೆ ಬಹಳ ಇಷ್ಟ. ಬರೀ ಅಂದ ನೋಡಿದ್ದರೆ ಅವನದು ನಾಲ್ಕನೇ ಸ್ಥಾನದ ನಕ್ಷೆ. ಆದರೆ ಬೆಳಕು, ಗಾಳಿ, ಓಡಾಟ, ಕೋಣೆಗಳ ಜೋಡಣೆ ಇವುಗಳಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ವ್ಯಾಪಾರಿಗಳ ಊರು ತಾನೇ, ಚಂದಕ್ಕಿಂತ ಉಪಯೋಗ ನೋಡಿದರು. ಹಾಗೆ ನೋಡಿ ಆರಿಸಿದ ಕಟ್ಟಡವನ್ನು ಇವತ್ತು ಜನ ನೋಡಲು ಬರುವುದು ಚಂದಕ್ಕೆ.

ವಾಟರ್‌ಹೌಸ್ 1830ರಲ್ಲಿ ಲಿವರ್‌ಪೂಲಿನಲ್ಲಿ ಹುಟ್ಟಿದವನು. ಕ್ವೇಕರ್ ಎಂಬ ಕ್ರೈಸ್ತ ಪಂಗಡದ ಮನೆತನ. ಅಪ್ಪ ಹತ್ತಿ ದಲಾಲಿ. ತಮ್ಮ ಎಡ್ವಿನ್ ಲೆಕ್ಕಪರಿಶೋಧನೆಗೆ ಇಳಿದು, ಇವತ್ತಿಗೂ ಬೆಂಗಳೂರಿನ ಎಷ್ಟೋ ಕನ್ನಡದ ಹುಡುಗ ಹುಡುಗಿಯರು ಕೆಲಸ ಮಾಡುವ ಪ್ರೈಸ್ ವಾಟರ್‌ಹೌಸ್ ಕಂಪನಿಯ ಸ್ಥಾಪಕರಲ್ಲಿ ಒಬ್ಬನಾದ. ಅಣ್ಣ ಕಟ್ಟಡ ಕಟ್ಟಿದ. ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ ಕೂಡ ಇವನದೇ. ಮ್ಯಾಂಚೆಸ್ಟರಿನ ಸ್ಟ್ರೇಂಜ್‌ವೇಸ್ ಜೈಲೂ ಇವನದೇ. ಜೈಲು, ಮ್ಯೂಸಿಯಂ, ಪುರಭವನ ಎಲ್ಲಕ್ಕೂ ಹೆಚ್ಚುಕಡಿಮೆ ಒಂದೇ ಗಂಭೀರ ಮುಖ ಕೊಟ್ಟವನು.

ಟೌನ್ ಹಾಲಿಗೆ ಸಿಕ್ಕ ಜಾಗ ವಿಚಿತ್ರವಾದದ್ದು. ಮೂರು ಬೀದಿ ಮತ್ತು ಒಂದು ಚೌಕದ ನಡುವೆ ಸಿಕ್ಕಿಕೊಂಡ, ಹೆಚ್ಚುಕಡಿಮೆ ತ್ರಿಕೋನಾಕಾರದ ನಿವೇಶನ. ಚೌಕಟ್ಟು ಮನಸ್ಸಿನ ಯಾವ ಇಂಜಿನಿಯರಿಗೂ ತಲೆನೋವು. ವಾಟರ್‌ಹೌಸ್ ಏನು ಮಾಡಿದ ಅಂದರೆ, ತ್ರಿಕೋನದ ಅಂಚಿಗೆ ಸುತ್ತಲೂ ಕಚೇರಿ ಕೋಣೆಗಳನ್ನು ಇಟ್ಟ. ಎಲ್ಲ ಕೋಣೆಗಳಿಗೂ ಬೀದಿಯ ಬೆಳಕು ಸಿಕ್ಕಿತು. ಮಧ್ಯದಲ್ಲಿ ಗ್ರೇಟ್ ಹಾಲ್ ಎಂಬ ದೊಡ್ಡ ಸಭಾಂಗಣ. ಅದಕ್ಕೂ ಅಂಚಿನ ಕೋಣೆಗಳಿಗೂ ನಡುವೆ ತೆರೆದ ಅಂಗಳಗಳು, ಸುತ್ತಲೂ ಉದ್ದನೆಯ ಪಡಸಾಲೆಗಳು. ಮೂಲೆಗಳಲ್ಲಿ ಸುರುಳಿ ಮೆಟ್ಟಿಲು. ನಮ್ಮ ಕಡೆಯ ತೊಟ್ಟಿ ಮನೆಯಲ್ಲಿ ಬೆಳೆದವರಿಗೆ ಈ ಲೆಕ್ಕಾಚಾರ ಬೇಗ ಅರ್ಥವಾಗುತ್ತದೆ. ಮಧ್ಯ ಆಕಾಶ ಬಿಟ್ಟರೆ ಒಳಮನೆಗೂ ಬೆಳಕು ಬರುತ್ತದೆ.

ಹೊರಗೆ ಗೋಥಿಕ್, ಒಳಗೆ ಮಾತ್ರ ಅಪ್ಪಟ ಹತ್ತೊಂಬತ್ತನೇ ಶತಮಾನ. ಕಿಟಕಿಯ ಬುಡದಿಂದ ಹೊರಗಿನ ಗಾಳಿ ಒಳಗೆ ಬಂದು, ಬಿಸಿನೀರಿನ ಕೊಳವೆ ತಾಗಿ ಬೆಚ್ಚಗಾಗಿ ಕೋಣೆ ಸೇರುವ ವ್ಯವಸ್ಥೆ ಇತ್ತು. ಶಿಖರದ ಹಾಗೆ ಕಾಣುವುದರಲ್ಲಿ ಎಷ್ಟೋ ಬರೀ ಅಲಂಕಾರವಲ್ಲ, ಕೆಟ್ಟ ಗಾಳಿ, ಹೊಗೆ ಹೊರಹೋಗುವ ದಾರಿ. ಮರದ ತೊಲೆಗಳ ಬದಲು ಬೆಂಕಿ ತಡೆಯುವ ಕಟ್ಟೋಣಕ್ಕೆ ಒತ್ತು ಕೊಟ್ಟರು. ಚೂಪು ಕಮಾನಿನ ಒಂದು ಗುಣ ಅಂದರೆ ಅಗಲ ಬದಲಾದರೂ ಎತ್ತರ ಬದಲಾಗಬೇಕಿಲ್ಲ. ಅರ್ಧ ವೃತ್ತದ ಕಮಾನಿಗೆ ಆ ಸಲಿಗೆ ಇಲ್ಲ, ಅಗಲ ಹೆಚ್ಚಾದರೆ ಎತ್ತರವೂ ಹೆಚ್ಚಬೇಕು. ತ್ರಿಕೋನದ ಜಾಗದಲ್ಲಿ ಒಂದು ಕಿಟಕಿ ಅಗಲ, ಇನ್ನೊಂದು ಕಿರಿದು, ಮೂಲೆಯಲ್ಲಿ ಮೆಟ್ಟಿಲು, ಇಂಥ ಅಂಕುಡೊಂಕುಗಳನ್ನು ಗೋಥಿಕ್ ಸಲೀಸಾಗಿ ನುಂಗಿಕೊಳ್ಳುತ್ತದೆ. ಗ್ರೀಕ್ ಶೈಲಿ ಹಟಮಾರಿ. ಎಡಕ್ಕೆ ಎಷ್ಟೋ ಬಲಕ್ಕೂ ಅಷ್ಟೇ ಇರಬೇಕು ಅನ್ನುತ್ತದೆ. ಹಾಗಾಗಿ ವಾಟರ್‌ಹೌಸ್ ಗೋಥಿಕ್ ಆರಿಸಿದ್ದರಲ್ಲಿ ಜಂಬ ಎಷ್ಟಿತ್ತೋ ಜಾಣತನವೂ ಅಷ್ಟೇ ಇತ್ತು ಅನ್ನುವುದು ನನ್ನ ಅಭಿಪ್ರಾಯ.

ಕಟ್ಟಡಕ್ಕೆ ಸುಮಾರು 1.4 ಕೋಟಿ ಇಟ್ಟಿಗೆ ಹಿಡಿಯಿತು. ಅದರ ಮೇಲೆ ಯಾರ್ಕ್‌ಷೈರ್ ಕಡೆಯ ಸ್ಪಿಂಕ್‌ವೆಲ್ ಎಂಬ ಗಟ್ಟಿ ಕಲ್ಲಿನ ಹೊದಿಕೆ. ಖರ್ಚು ಸುಮಾರು 7,75,000 ಪೌಂಡ್. ಆಗಿನ ಫ್ಯಾಷನ್ ಪ್ರಕಾರ ಬಣ್ಣಬಣ್ಣದ ಕಲ್ಲುಗಳನ್ನು ಪಟ್ಟೆಪಟ್ಟೆಯಾಗಿ ಜೋಡಿಸಬಹುದಿತ್ತು. ವಾಟರ್‌ಹೌಸ್ ಬೇಡ ಅಂದ. ನೂರಾರು ಗಿರಣಿ ಚಿಮಣಿಗಳ ಊರಿನಲ್ಲಿ ಯಾವ ಬಣ್ಣವೂ ಹತ್ತು ವರ್ಷ ಉಳಿಯುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ಅವನ ಅಂದಾಜು ಸರಿಯಾಗಿತ್ತು. ಕಟ್ಟಡ ಬೇಗನೆ ಮಸಿ ಹಿಡಿದು ಕಪ್ಪಾಯಿತು. 1960ರ ದಶಕದ ಕೊನೆಗೆ ತೊಳೆದ ಮೇಲೆಯೇ ಕಲ್ಲಿನ ನಿಜವಾದ ಬಣ್ಣ ಕಂಡದ್ದು. ಅಲ್ಲಿಯವರೆಗೆ ಎರಡು ಮೂರು ತಲೆಮಾರಿನ ಜನ ಅದು ಕರಿ ಕಲ್ಲಿನ ಕಟ್ಟಡವೆಂದೇ ತಿಳಿದಿರಬೇಕು.

ಗೋಪುರದ ಎತ್ತರ 280 ಅಡಿ. ಗಡಿಯಾರದ ಮುಖದ ಮೇಲೆ ಬೈಬಲಿನ ಒಂದು ಸಾಲು ಕೆತ್ತಿದ್ದಾರೆ. ‘ನಮ್ಮ ದಿನಗಳನ್ನು ಎಣಿಸಲು ನಮಗೆ ಕಲಿಸು’ ಅನ್ನುವ ಅರ್ಥದ್ದು. ಗಿರಣಿಯ ಗಂಟೆ ಹೊಡೆದ ಮೇಲೆ ಒಂದು ನಿಮಿಷ ತಡವಾಗಿ ಬಂದರೂ ಸಂಬಳ ಕತ್ತರಿಸಿಕೊಳ್ಳುತ್ತಿದ್ದ ಜನರಿಗೆ ದಿನ ಎಣಿಸುವುದನ್ನು ಗಡಿಯಾರ ಬೇರೆ ಕಲಿಸಬೇಕಿತ್ತೇ ಅಂತ ನನಗನ್ನಿಸುತ್ತದೆ. ಅದಿರಲಿ. ಗಂಟೆ ಹೊಡೆಯುವ ದೊಡ್ಡ ಘಂಟೆಯ ತೂಕ 8 ಟನ್ನಿಗೂ ಹೆಚ್ಚು. ಹೆಸರು ಗ್ರೇಟ್ ಏಬಲ್.

ಈ ಏಬಲ್ ಯಾರು ಅನ್ನುವುದು ಹೇಳಲೇಬೇಕಾದ ಕಥೆ. ಏಬಲ್ ಹೇವುಡ್ ಬಡ ಮನೆಯ ಹುಡುಗ, ಆಮೇಲೆ ಪತ್ರಿಕೆ ಮಾರುವ ಅಂಗಡಿ ಇಟ್ಟ. ಆಗ ಪತ್ರಿಕೆಗಳ ಮೇಲೆ ಸ್ಟಾಂಪ್ ತೆರಿಗೆ ಇತ್ತು. ಪ್ರತಿಯೊಂದು ಪ್ರತಿಗೂ 4 ಪೆನ್ಸ್. ಬಡವರು ಪತ್ರಿಕೆ ಓದಬಾರದು ಎಂಬ ಉದ್ದೇಶವೇ ಅದರ ಹಿಂದಿತ್ತು. ಹೇವುಡ್ ತೆರಿಗೆ ಕಟ್ಟದ ‘ಪೂರ್ ಮ್ಯಾನ್ಸ್ ಗಾರ್ಡಿಯನ್’ ಪತ್ರಿಕೆಯನ್ನು ರಾಜಾರೋಷವಾಗಿ ಮಾರಿದ. 1832ರಲ್ಲಿ ನಾಲ್ಕು ತಿಂಗಳು ಜೈಲು. ಬಿಡುಗಡೆಯಾದ ಮೇಲೂ ಬಿಡಲಿಲ್ಲ. ಅಂಥವನು ಎರಡು ಸಲ ಊರಿನ ಮೇಯರ್ ಆದ. ಟೌನ್ ಹಾಲ್ ಕಟ್ಟಿಸುವ ಕೆಲಸದಲ್ಲಿ ಮುಂದೆ ನಿಂತವನೂ ಅವನೇ.

ಉದ್ಘಾಟನೆಗೆ ವಿಕ್ಟೋರಿಯಾ ರಾಣಿಯನ್ನು ಕರೆದರು. ರಾಣಿ ಬರಲಿಲ್ಲ. ಜೈಲು ಕಂಡು ಬಂದ ಮೇಯರನ ಜೊತೆ ವೇದಿಕೆ ಹಂಚಿಕೊಳ್ಳಲು ಮನಸ್ಸಿರಲಿಲ್ಲ ಅಂತ ಒಂದು ಮಾತು. ರಾಜನ ತಲೆ ಕಡಿಸಿದ ಕ್ರಾಮ್‌ವೆಲ್ಲನ ವಿಗ್ರಹವನ್ನು ಊರಿನಲ್ಲಿ ನಿಲ್ಲಿಸಿದ್ದಕ್ಕೆ ಕೋಪ ಅಂತ ಇನ್ನೊಂದು ಮಾತು. ಆ ವಿಗ್ರಹ ಕೊಟ್ಟವಳು ಹೇವುಡ್‌ನ ಹೆಂಡತಿ, ಹಾಗಾಗಿ ಎರಡೂ ಮಾತು ಒಂದೇ ಮನೆಗೆ ಹೋಗಿ ಸೇರುತ್ತವೆ. ಕೊನೆಗೆ 1877ರ ಸೆಪ್ಟೆಂಬರ್ 13ರಂದು ಹೇವುಡ್ ತಾನೇ ಬಾಗಿಲು ತೆರೆದ. ರಾಣಿ ಬಾರದಿದ್ದದ್ದೇ ಒಳ್ಳೆಯದಾಯಿತು ಅನ್ನುವವನು ನಾನು. ಇಷ್ಟು ಹೊತ್ತಿಗೆ ಘಂಟೆಗೆ ಅವಳ ಹೆಸರಿರುತ್ತಿತ್ತು. ಅವಳ ಹೆಸರಿನ ಘಂಟೆ, ರಸ್ತೆ, ಆಸ್ಪತ್ರೆ ಲೋಕದ ತುಂಬ ಇವೆ. ಪತ್ರಿಕೆ ಮಾರಿ ಜೈಲಿಗೆ ಹೋದವನ ಹೆಸರಿನದು ಇದೊಂದೇ ಇರಬಹುದು.

ಒಳಗೆ ಹೋದರೆ ಬಾಗಿಲ ಹತ್ತಿರವೇ ಇಬ್ಬರು ಕೂತಿದ್ದಾರೆ. ಒಂದು ಕಡೆ ಪರಮಾಣು ಸಿದ್ಧಾಂತದ ಜಾನ್ ಡಾಲ್ಟನ್, ಇನ್ನೊಂದು ಕಡೆ ಶಾಖದ ಲೆಕ್ಕ ಹೇಳಿದ ಜೇಮ್ಸ್ ಜೌಲ್. ಪಿಯುಸಿಯಲ್ಲಿ ಇಬ್ಬರನ್ನೂ ಬೈದುಕೊಂಡವರು ಇಲ್ಲಿ ಒಮ್ಮೆ ನಮಸ್ಕಾರ ಮಾಡಬಹುದು. ಮೆಟ್ಟಿಲು ಹತ್ತಿ ಗ್ರೇಟ್ ಹಾಲಿನ ಮುಂದೆ ಬಂದರೆ ಕಾಲಡಿಯಲ್ಲಿ ಮೊಸಾಯಿಕ್ ನೆಲ, ತುಂಬ ಜೇನುನೊಣಗಳು. ಜೇನುನೊಣ ಮ್ಯಾಂಚೆಸ್ಟರಿನ ಗುರುತು. 1842ರಲ್ಲಿ ಊರಿಗೆ ಸಿಕ್ಕ ಲಾಂಛನದಲ್ಲೇ ಭೂಗೋಳದ ಮೇಲೆ ಏಳು ಜೇನುನೊಣ ಕೂತಿವೆ. ದುಡಿಮೆಯ ಊರು, ಲೋಕವೆಲ್ಲ ಹಾರಿ ಜೇನು ತರುವ ಊರು ಅಂತ ಅರ್ಥ. ಯಾರ ತೋಟದ ಹೂವು ಅನ್ನುವುದನ್ನು ಲಾಂಛನ ಹೇಳುವುದಿಲ್ಲ.

ಗ್ರೇಟ್ ಹಾಲಿನ ಗೋಡೆಗಳ ಮೇಲೆ ಫೋರ್ಡ್ ಮ್ಯಾಡಾಕ್ಸ್ ಬ್ರೌನ್ ಬರೆದ 12 ದೊಡ್ಡ ಚಿತ್ರಗಳಿವೆ. 1879ರಲ್ಲಿ ಶುರು ಮಾಡಿ 1893ರವರೆಗೆ ಬರೆದ. ಆ ವರ್ಷವೇ ತೀರಿಕೊಂಡ. ರೋಮನ್ನರು ಇಲ್ಲಿ ಕೋಟೆ ಕಟ್ಟಿದ್ದರಿಂದ ಹಿಡಿದು ಡಾಲ್ಟನ್ ಕೊಳದ ಕೆಸರಿನಿಂದ ಗ್ಯಾಸು ಹಿಡಿಯುವವರೆಗೆ ಊರಿನ ಇತಿಹಾಸ. ಚಿತ್ರಗಳು ಸ್ವಲ್ಪ ತಮಾಷೆಯಾಗಿವೆ. ಗಂಭೀರ ಘಟನೆಯ ಮಧ್ಯೆ ಮಕ್ಕಳು ಕಿತ್ತಾಡುತ್ತಿರುತ್ತವೆ, ನಾಯಿ ಬೆಕ್ಕು ನುಗ್ಗುತ್ತವೆ. ನಾಲ್ಕನೇ ಚಿತ್ರದಲ್ಲಿ 1363ರ ಸುಮಾರಿಗೆ ಫ್ಲ್ಯಾಂಡರ್ಸಿನಿಂದ ಬಂದ ನೇಕಾರರು ಇಲ್ಲಿ ಮಗ್ಗ ಹೂಡಿದ್ದಾರೆ, ರಾಣಿ ಫಿಲಿಪ್ಪಾ ನೋಡಲು ಬಂದಿದ್ದಾಳೆ. ಮೇಲೆ ಹೇಳಿದೆನಲ್ಲ, ಬ್ರೂಜ್, ಈಪರ್ ಊರುಗಳು, ಅವೆಲ್ಲ ಇರುವುದು ಅದೇ ಫ್ಲ್ಯಾಂಡರ್ಸಿನಲ್ಲಿ. ಹೊರಗೋಡೆಯ ಕಮಾನುಗಳು ಹೇಳುವುದನ್ನೇ ಒಳಗೋಡೆಯ ಚಿತ್ರವೂ ಹೇಳುತ್ತದೆ. ನಾವು ಆ ಬಟ್ಟೆ ಊರುಗಳ ಮಕ್ಕಳು ಅಂತ.

ಇನ್ನೊಂದರಲ್ಲಿ ಹಾರುವ ಲಾಳಿ ಕಂಡುಹಿಡಿದ ಜಾನ್ ಕೇ ಇದ್ದಾನೆ. ಲಾಳಿಯನ್ನು ಕೈಯಿಂದ ಕೈಗೆ ದಾಟಿಸುವ ಬದಲು ದಾರ ಎಳೆದರೆ ತಾನೇ ಅತ್ತಿಂದಿತ್ತ ಓಡುವ ಹಾಗೆ ಮಾಡಿದವನು. ಕೆಲಸ ಹೋಗುತ್ತದೆ ಎಂದು ಹೆದರಿದ ಜನ ಮನೆಗೆ ನುಗ್ಗುತ್ತಿದ್ದಾರೆ. ಮನೆಯವರು ಅವನನ್ನು ಉಣ್ಣೆಯ ಜಮಖಾನೆಯಲ್ಲಿ ಸುತ್ತಿ ಸಾಗಿಸುತ್ತಿದ್ದಾರೆ. ನನ್ನ ಮೆಚ್ಚಿನದು ಮಾತ್ರ ವಿಲಿಯಂ ಕ್ರ್ಯಾಬ್‌ಟ್ರೀ ಇರುವ ಚಿತ್ರ. ಅವನೊಬ್ಬ ಬಟ್ಟೆ ವ್ಯಾಪಾರಿ. ಬಿಡುವಿನಲ್ಲಿ ಆಕಾಶ ನೋಡುವ ಹುಚ್ಚು. 1639ರಲ್ಲಿ ಶುಕ್ರಗ್ರಹ ಸೂರ್ಯನ ಮುಂದೆ ದಾಟಿದ್ದನ್ನು ಕಂಡವರೆಂದು ಗೊತ್ತಿರುವುದು ಇಬ್ಬರೇ. ಅವನ ಗೆಳೆಯ ಹಾರಕ್ಸ್ ಮತ್ತು ಅವನು. ಚಿತ್ರದಲ್ಲಿ ಕಣ್ಣರಳಿಸಿ, ಎದೆ ಮೇಲೆ ಕೈಯಿಟ್ಟು ನಿಂತಿದ್ದಾನೆ.

ಪೀಟರ್ಲೂ ಚಿತ್ರ ಇಲ್ಲ. ಅಷ್ಟು ಹತ್ತಿರದಲ್ಲಿ ನಡೆದದ್ದು, ಊರಿನ ಇತಿಹಾಸದಲ್ಲೇ ದೊಡ್ಡ ಘಟನೆ, ಹನ್ನೆರಡರಲ್ಲಿ ಒಂದೂ ಅದಕ್ಕೆ ಸಿಗಲಿಲ್ಲ. ಬರೆಯುವ ಹೊತ್ತಿಗೆ ಇನ್ನೂ ನೆನಪಿದ್ದ 1861-65ರ ಹತ್ತಿ ಬರವೂ ಇಲ್ಲ. ಮುನ್ಸಿಪಾಲಿಟಿಯ ಗೋಡೆ ತನಗೆ ಬೇಕಾದದ್ದನ್ನು ಮಾತ್ರ ನೆನಪಿಟ್ಟುಕೊಳ್ಳುತ್ತದೆ.

ನಾನು ಇದನ್ನೆಲ್ಲ ನೋಡಿದ್ದು ಕಟ್ಟಡ ಮುಚ್ಚುವ ಮುಂಚೆ. 2018ರ ಜನವರಿಯಲ್ಲಿ ದೊಡ್ಡ ರಿಪೇರಿಗೆಂದು ಬಾಗಿಲು ಹಾಕಿದರು. ಚಾವಣಿಯ ಕಲ್ಲುಹೆಂಚು, ಒಳಗಿನ ಕೊಳವೆ, ವಿದ್ಯುತ್ ತಂತಿ, ಲಿಫ್ಟು, ಎಲ್ಲ ಹಳತಾಗಿದ್ದವು. 2024ಕ್ಕೆ ಮುಗಿಸುತ್ತೇವೆ ಅಂದಿದ್ದರು. ಗಡುವು ದಾಟಿತು, ಖರ್ಚೂ ಏರಿತು. ಸರ್ಕಾರಿ ಕಾಮಗಾರಿ ಎಲ್ಲಿ ಹೋದರೂ ಅಷ್ಟೇ.

ಈಗ ಹತ್ತಿ ಬರದ ವಿಷಯಕ್ಕೆ ಬರುತ್ತೇನೆ. 1860ರ ಹೊತ್ತಿಗೆ ಇಂಗ್ಲೆಂಡಿನ ಗಿರಣಿಗಳಿಗೆ ಬರುತ್ತಿದ್ದ ಹತ್ತಿಯಲ್ಲಿ ಮುಕ್ಕಾಲಿಗಿಂತ ಜಾಸ್ತಿ ಅಮೆರಿಕದ ದಕ್ಷಿಣ ರಾಜ್ಯಗಳದ್ದು. ಬೆಳೆಯುತ್ತಿದ್ದವರು ಗುಲಾಮರು. 1861ರಲ್ಲಿ ಅಲ್ಲಿ ಅಂತರ್ಯುದ್ಧ ಶುರುವಾಯಿತು. ಲಿಂಕನ್ ಸರ್ಕಾರ ದಕ್ಷಿಣದ ಬಂದರುಗಳನ್ನು ಮುಚ್ಚಿಸಿತು. ಮ್ಯಾಂಚೆಸ್ಟರ್ ಇರುವ ಲ್ಯಾಂಕಾಷೈರ್ ಸೀಮೆಯ ಗಿರಣಿಗಳು ಒಂದೊಂದಾಗಿ ನಿಂತವು. 1862ರ ಕೊನೆಗೆ ಸುಮಾರು 5 ಲಕ್ಷ ಜನ ಪರಿಹಾರದ ಗಂಜಿಗೆ ಕೈಚಾಚಿದ್ದರು. ಆ ಸ್ಥಿತಿಯಲ್ಲೂ ಮ್ಯಾಂಚೆಸ್ಟರಿನ ಕಾರ್ಮಿಕರು ಡಿಸೆಂಬರ್ 31ರಂದು ಸಭೆ ಸೇರಿ, ಗುಲಾಮಗಿರಿ ಹೋಗಲಿ, ನಾವು ನಿಮ್ಮ ಕಡೆ ಎಂದು ಲಿಂಕನ್‌ಗೆ ಪತ್ರ ಬರೆದರು. ಲಿಂಕನ್ 1863ರ ಜನವರಿಯಲ್ಲಿ ಉತ್ತರ ಬರೆದ. ಟೌನ್ ಹಾಲಿನ ಎದುರು ಬೀದಿಯಲ್ಲಿ ಎರಡು ನಿಮಿಷ ನಡೆದರೆ ಅವನ ವಿಗ್ರಹ ಸಿಗುತ್ತದೆ. ಆ ಪತ್ರದ ಮಾತುಗಳು ಪೀಠದ ಮೇಲಿವೆ. ಎಲ್ಲ ಕಾರ್ಮಿಕರೂ ಹಾಗಿದ್ದರು ಅಂತಲ್ಲ, ಲಿವರ್‌ಪೂಲಿನ ದಲಾಲಿಗಳಂತೂ ಹಾಗಿರಲಿಲ್ಲ. ಆದರೂ ಈ ಪತ್ರ ಸಣ್ಣದಲ್ಲ.

ಗಿರಣಿ ಮಾಲೀಕರ ಕಣ್ಣು ಇಂಡಿಯಾದ ಕಡೆ ತಿರುಗಿತು. ನಮ್ಮ ಹತ್ತಿಯನ್ನೆಲ್ಲ ಅವರು ಒಟ್ಟಾಗಿ ಸೂರತ್ ಅನ್ನುತ್ತಿದ್ದರು, ಎಲ್ಲಿಯದಾದರೂ. ಗಿಡ್ಡ ಎಳೆ, ಕಸ ಜಾಸ್ತಿ, ಯಂತ್ರದಲ್ಲಿ ಪದೇ ಪದೇ ಹರಿಯುವ ನೂಲು. ನೂಲು ಹರಿದರೆ ನೇಯುವವರ ಕೂಲಿಯೂ ಹರಿಯಿತು ಅಂತಲೇ ಲೆಕ್ಕ. ‘ದೇವರೇ, ಹತ್ತಿ ಕಳಿಸಪ್ಪ, ಆದರೆ ಸೂರತ್ ಮಾತ್ರ ಬೇಡ’ ಎಂದು ಅಲ್ಲಿನ ಜನ ಬೇಡಿಕೊಳ್ಳುತ್ತಿದ್ದರಂತೆ. ತಪ್ಪು ನಮ್ಮ ಗಿಡದ್ದಲ್ಲ. ಕೈಯಲ್ಲಿ ನೂಲುವವರಿಗೆ ಜವಾರಿ ಹತ್ತಿ ಚೆನ್ನಾಗಿಯೇ ಇತ್ತು. ಅಮೆರಿಕದ ಎಳೆಗೆ ಅಳತೆ ಮಾಡಿದ ಯಂತ್ರಕ್ಕೆ ಅದು ಒಗ್ಗಲಿಲ್ಲ.

ಇಲ್ಲಿ ಧಾರವಾಡಕ್ಕೆ ಬೆಲೆ ಬಂತು. ಯಾಕೆಂದರೆ ಇಡೀ ದೇಶದಲ್ಲಿ ಅಮೆರಿಕದ ಹತ್ತಿ ನೆಲೆ ನಿಂತ ಜಾಗಗಳು ಬಹಳ ಕಡಿಮೆ, ಅವುಗಳಲ್ಲಿ ಧಾರವಾಡ ಮುಖ್ಯವಾದದ್ದು. 1842ರ ಸುಮಾರಿಗೇ ಕಲೆಕ್ಟರ್ ಶಾ ಮುತುವರ್ಜಿಯಿಂದ ನ್ಯೂ ಆರ್ಲಿಯನ್ಸ್ ಬೀಜ ತರಿಸಿ ಬಿತ್ತಿಸಿದ್ದ. ಮುಂಗಾರು, ಹಿಂಗಾರು ಎರಡೂ ಮಳೆಯ ಪಾಲು ಸಿಗುವ ಎರೆ ಭೂಮಿ ಅದಕ್ಕೆ ಹಿಡಿಸಿತು. ರೈತರು ಅದನ್ನು ವಿಲಾಯತಿ ಹತ್ತಿ ಎಂದು ಕರೆದರು, ತಮ್ಮದನ್ನು ಜವಾರಿ ಹತ್ತಿ ಎಂದರು. ಜವಾರಿ ಹತ್ತಿಯ ಬೀಜ ಬಿಡಿಸುತ್ತಿದ್ದವರು ಹೆಂಗಸರು. ಚಪ್ಪಟೆ ಕಲ್ಲಿನ ಮೇಲೆ ಹತ್ತಿ ಹರಡಿ, ಕಬ್ಬಿಣದ ಸಲಾಕೆಯನ್ನು ಪಾದದಿಂದ ಉರುಳಿಸಿ ಬೀಜ ಬೇರೆ ಮಾಡುತ್ತಿದ್ದರು. ವಿಲಾಯತಿ ಹತ್ತಿಯ ಅರಳೆ ಬೀಜಕ್ಕೆ ಗಟ್ಟಿಯಾಗಿ ಅಂಟಿಕೊಂಡಿರುತ್ತದೆ, ಆ ಪದ್ಧತಿ ನಡೆಯಲಿಲ್ಲ. ಗರಗಸದ ಹಲ್ಲಿನ ಜಿನ್ನು, ಅಂದರೆ ಬೀಜ ಬಿಡಿಸುವ ಯಂತ್ರ, ಬೇಕಾಯಿತು. ಅವನ್ನು ಮಾಡಲು, ರಿಪೇರಿ ಮಾಡಲು ಧಾರವಾಡದಲ್ಲೇ ಸರ್ಕಾರಿ ಕಾರ್ಖಾನೆ ನಡೆಯಿತು. ಡಾಕ್ಟರ್ ಫೋರ್ಬ್ಸ್ ಅದರ ಮೇಲ್ವಿಚಾರಕ.

ಹತ್ತಿಯ ಅಂಡಿಗೆಗಳು ಎತ್ತಿನ ಮೇಲೆ, ಚಕ್ಕಡಿಯಲ್ಲಿ ಘಟ್ಟ ಇಳಿದು ಕುಮಟಾಕ್ಕೆ ಹೋಗುತ್ತಿದ್ದವು. ಅಲ್ಲಿಂದ ಹಾಯಿದೋಣಿಯಲ್ಲಿ ಮುಂಬಯಿ. ಅಲ್ಲಿ ಒತ್ತಿ ಬಿಗಿದು ಲಿವರ್‌ಪೂಲ್ ಹಡಗು. ಹಾಗಾಗಿ ಲಿವರ್‌ಪೂಲಿನ ಪೇಟೆಯಲ್ಲಿ ನಮ್ಮ ಎರಡು ಊರುಗಳು ಹತ್ತಿಯ ಜಾತಿಯ ಹೆಸರಾದವು. ‘ಧಾರವಾರ್’ ಅಂದರೆ ವಿಲಾಯತಿ ಬೀಜದ್ದು, ‘ಕುಮ್ಟಾ’ ಅಂದರೆ ಜವಾರಿ. ಕುಮಟಾದಲ್ಲಿ ಒಂದು ಹತ್ತಿ ಗಿಡವೂ ಬೆಳೆಯುತ್ತಿರಲಿಲ್ಲ, ಪಾಪ. ಬೆಲೆ ಏರಿದ ಹಾಗೆ ಕಲಬೆರಕೆಯೂ ಏರಿತು. ಜವಾರಿಯನ್ನು ವಿಲಾಯತಿಯಲ್ಲಿ ಬೆರೆಸುವುದು, ಬೀಜ, ಮಣ್ಣು ಸೇರಿಸಿ ತೂಕ ಹೆಚ್ಚಿಸುವುದು. 1863ರಲ್ಲಿ ಮುಂಬಯಿ ಸರ್ಕಾರ ಹತ್ತಿ ಮೋಸ ತಡೆಯಲೆಂದೇ ಕಾಯ್ದೆ ಮಾಡಿತು.

ಈ ನಾಲ್ಕು ವರ್ಷ ಮುಂಬಯಿಗೆ ಹುಚ್ಚು ಹಣ ಹರಿದು ಬಂತು. ಅದರಲ್ಲಿ ತೇಲಿದವನು ಪ್ರೇಮಚಂದ್ ರಾಯಚಂದ್, ಹತ್ತಿ ಮತ್ತು ಷೇರು ದಲಾಲಿ. ವಿಶ್ವವಿದ್ಯಾಲಯಕ್ಕೆ ಅವನು ಕೊಟ್ಟ ದುಡ್ಡಿನಲ್ಲಿ ಎದ್ದದ್ದು ರಾಜಾಬಾಯಿ ಗೋಪುರ. ಅವನ ತಾಯಿಯ ಹೆಸರು. ನಕ್ಷೆ ಮಾಡಿದ ಗಿಲ್ಬರ್ಟ್ ಸ್ಕಾಟ್ ಇಂಡಿಯಾಕ್ಕೆ ಬಂದವನೇ ಅಲ್ಲ. 1869ರಲ್ಲಿ ಅಡಿಗಲ್ಲು, 1878ರಲ್ಲಿ ಮುಗಿಯಿತು. ಗೋಥಿಕ್ ಶೈಲಿ, ಗಡಿಯಾರದ ಗೋಪುರ, ಎತ್ತರ 280 ಅಡಿ. ಮ್ಯಾಂಚೆಸ್ಟರಿನದೂ 280. ಮಾತಾಡಿಕೊಂಡು ಮಾಡಿದ್ದಲ್ಲ, ಆದರೆ ಒಂದೇ ಸರಕಿನ ಎರಡು ತುದಿಯಲ್ಲಿ ಒಂದೇ ದಶಕದಲ್ಲಿ ಒಂದೇ ಎತ್ತರದ ಎರಡು ಗೋಪುರ ಎದ್ದವು. ಚರ್ಚ್‌ಗೇಟಿನಲ್ಲಿ ಇಳಿದು ಮೈದಾನ ದಾಟಿ ಹೋಟೆಲ್ ಕೆಲಸಕ್ಕೆ ಹೋದ, ಕೋಟೆ ಪ್ರದೇಶದ ರಾತ್ರಿ ಶಾಲೆಗಳಲ್ಲಿ ಓದಿದ ನಮ್ಮ ಎಷ್ಟೋ ಕನ್ನಡಿಗರು ದಿನಾ ನೋಡಿದ ಗಡಿಯಾರ ಅದು.

ಹಾಗಂತ ಮ್ಯಾಂಚೆಸ್ಟರ್ ಟೌನ್ ಹಾಲ್ ಧಾರವಾಡದ ಹತ್ತಿಯಿಂದಲೇ ಕಟ್ಟಿದ್ದು ಅಂತ ನಾನು ಹೇಳುತ್ತಿಲ್ಲ. ವಾಟ್ಸಾಪಿನಲ್ಲಿ ಅಂಥದ್ದು ಯಾರಾದರೂ ಕಳಿಸಿದರೆ ನಂಬಬೇಡಿ. ಆ ಸಂಪತ್ತಿನ ದೊಡ್ಡ ಪಾಲು ಅಮೆರಿಕದ ಗುಲಾಮರ ಬೆವರಿನದು, ಲ್ಯಾಂಕಾಷೈರಿನ ಹೆಂಗಸರು ಮಕ್ಕಳ ದುಡಿಮೆಯದು. ನಮ್ಮದು ಕಷ್ಟಕಾಲದ ಬದಲಿ ಸರಕು. 1865ರಲ್ಲಿ ಯುದ್ಧ ಮುಗಿದ ಕೂಡಲೇ ಬೆಲೆ ಕುಸಿಯಿತು, ಪ್ರೇಮಚಂದನೂ ದಿವಾಳಿಯಾದ. ಟೌನ್ ಹಾಲ್ ಉದ್ಘಾಟನೆಯ ಮೆರವಣಿಗೆ ನಡೆದ 1877ರಲ್ಲಿ ಧಾರವಾಡ, ಕಲಾದಗಿ, ಬಳ್ಳಾರಿ, ಮೈಸೂರು ಸೀಮೆಗಳಲ್ಲಿ ಧಾತು ಈಶ್ವರ ಸಂವತ್ಸರದ ಬರ. ಎರಡಕ್ಕೂ ನೇರ ಗಂಟು ಹಾಕುವುದು ಸರಿಯಲ್ಲ, ಮಳೆ ಕೈಕೊಟ್ಟದ್ದು 1876ರಲ್ಲಿ. ಆದರೆ ತಾರೀಖುಗಳು ಅಕ್ಕಪಕ್ಕ ಇರುವುದು ನಿಜ.

ನನ್ನನ್ನು ಹೆಚ್ಚು ಬೆರಗುಗೊಳಿಸುವುದು ಇನ್ನೊಂದು. ಮ್ಯಾಂಚೆಸ್ಟರಿನ ಮಾತು ಎಷ್ಟು ದೂರ ನಡೆಯುತ್ತಿತ್ತು ಅನ್ನುವುದು. ಕುಮಟಾದಿಂದ ಮುಂಬಯಿಗೆ ದೋಣಿ, ಅಲ್ಲಿ ದಲಾಲಿಗಳ ಕೈ, ಇದೆಲ್ಲ ಮ್ಯಾಂಚೆಸ್ಟರಿನವರಿಗೆ ಬೇಡವಾಗಿತ್ತು. ಧಾರವಾಡದ ಹತ್ತಿ ನೇರವಾಗಿ ತಮ್ಮ ಹಡಗಿಗೆ ಬರಬೇಕು. ಅದಕ್ಕೆ ಅವರು ಆರಿಸಿದ್ದು ಕಾಳಿ ನದಿಯ ಬಾಯಲ್ಲಿರುವ ಸದಾಶಿವಗಡ, ಕಾರವಾರದ ಬಂದರು. ಮ್ಯಾಂಚೆಸ್ಟರ್ ಕಾಟನ್ ಕಂಪನಿ ಅಂತ 1860ರಲ್ಲಿ ಕಟ್ಟಿಕೊಂಡರು. ಬಂದರು ಮಾಡಿ, ಘಟ್ಟಕ್ಕೆ ರಸ್ತೆ ಮಾಡಿ ಎಂದು ಸರ್ಕಾರದ ಬೆನ್ನು ಬಿದ್ದರು. ಆಗ ಕೆನರಾ ಇದ್ದದ್ದು ಮದ್ರಾಸಿನ ಕೈಯಲ್ಲಿ, ಧಾರವಾಡ ಇದ್ದದ್ದು ಮುಂಬಯಿಯ ಕೈಯಲ್ಲಿ. ಒಂದೇ ರಸ್ತೆಗೆ ಎರಡು ಸರ್ಕಾರ. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಬಿಡಿಸಿ ಮುಂಬಯಿಗೆ ಸೇರಿಸಿದರು. ಮುಖ್ಯ ಕಾರಣಗಳಲ್ಲಿ ಒಂದು ಈ ಬಂದರು, ಈ ಹತ್ತಿ. ಮಂಗಳೂರಿನವರು ಮದ್ರಾಸಿನ ಕಡೆ, ಕಾರವಾರದವರು ಮುಂಬಯಿಯ ಕಡೆ ಮುಖ ಮಾಡಿ 1956ರ ನವೆಂಬರ್ 1ರವರೆಗೆ ಬದುಕಿದರಲ್ಲ, ಆ ಗೆರೆ ಎಳೆದದ್ದರಲ್ಲಿ ಮ್ಯಾಂಚೆಸ್ಟರಿನ ಗಿರಣಿಗಳ ಕೈಯೂ ಇದೆ.

ಅಷ್ಟು ಮಾಡಿಯೂ ಹತ್ತಿ ಅಂದುಕೊಂಡ ಹಾಗೆ ಹೋಗಲಿಲ್ಲ. ಕಂಪನಿಯ ಜನ 1862ರಲ್ಲಿ ಬಂದಾಗ ಸಾಮಾನು ಇಳಿಸಲು ಸರಿಯಾದ ಧಕ್ಕೆ ಇರಲಿಲ್ಲ, ಘಟ್ಟದ ರಸ್ತೆ ಮುಗಿದಿರಲಿಲ್ಲ. ಬೈದಾಡಿಕೊಂಡು ಪಾರ್ಲಿಮೆಂಟಿನವರೆಗೆ ದೂರು ಹೋಯಿತು. ಕೆಲವೇ ವರ್ಷದಲ್ಲಿ ಕಂಪನಿ ಮುಚ್ಚಿತು. ಆಮೇಲೆ ಕಾರವಾರಕ್ಕೆ ಬಯಲುಸೀಮೆಯಿಂದ ರೈಲು ಬೇಕು ಎಂಬ ಮಾತು ಬಂತು, ಅಳತೆ ಆಯಿತು, ವಾದ ಆಯಿತು. 1880ರ ದಶಕದಲ್ಲಿ ರೈಲು ಗೋವಾದ ಮುರ್ಮಗೋವಾ ಬಂದರಿಗೆ ಹೋಯಿತು, ಕಾರವಾರಕ್ಕೆ ಬರಲಿಲ್ಲ. ಕೊಂಕಣ ರೈಲ್ವೆ ಕರಾವಳಿಯುದ್ದಕ್ಕೂ ಬಂದದ್ದು ತೊಂಬತ್ತರ ದಶಕದಲ್ಲಿ. ಘಟ್ಟ ಇಳಿಯುವ ಹುಬ್ಬಳ್ಳಿ–ಅಂಕೋಲಾ ಮಾರ್ಗದ ಕಡತ ಮಾತ್ರ ಕಾಡು, ಕೋರ್ಟು, ಕಮಿಟಿ ಅಂತ ಇನ್ನೂ ಓಡಾಡುತ್ತಲೇ ಇದೆ.